ಕೇಸು ಬೇಗ ಮುಗಿಯಲು ಕಂಪ್ಯೂಟರ್ ಎಷ್ಟು ನೆರವಾಗುತ್ತದೆ? ಕಕ್ಷಿದಾರರು ಪದೇ ಪದೇ ಕೇಳುವ ಪ್ರಶ್ನೆಗಳು

ತಾಲ್ಲೂಕು ಕೋರ್ಟಿನ ಪಡಸಾಲೆಯಲ್ಲಿ ನಿಂತು ಕಕ್ಷಿದಾರರು ಕೇಳುವ ಪ್ರಶ್ನೆಗಳಿವು. ಸಿವಿಲ್, ಕ್ರಿಮಿನಲ್ ಎರಡೂ ಕಡೆ ವಕೀಲಿ ವೃತ್ತಿ ಮಾಡುವ ನನಗೆ ವಾರದಲ್ಲಿ ಹತ್ತು ಸಲವಾದರೂ ಎದುರಾಗುತ್ತವೆ. ನಮ್ಮ ಕೇಸು ಕೂಗುವ ಹೊತ್ತಿಗೆ ಅವಸರದಲ್ಲಿ ಕೊಡುವ ಉತ್ತರ ಅರ್ಧಂಬರ್ಧವಾಗುತ್ತದೆ. ಹಾಗಾಗಿ ಇಲ್ಲಿ ಸಾವಕಾಶವಾಗಿ ಬರೆದಿದ್ದೇನೆ.

ಎಲ್ಲ ಆನ್‌ಲೈನ್ ಆಗಿದೆ ಅಂತಾರೆ. ಹಾಗಿದ್ದೂ ನನ್ನ ಕೇಸು ಯಾಕೆ ಮುಗಿಯುತ್ತಿಲ್ಲ?

ಹತ್ತು ವರ್ಷ ನಡೆದ ಒಂದು ದಾವೆಯ ಕಡತ ತೆಗೆದು ನೋಡಿ. ನ್ಯಾಯಾಧೀಶರ ಎದುರು ಸಾಕ್ಷಿ ನುಡಿದದ್ದು, ವಾದ ನಡೆದದ್ದು ಎಲ್ಲ ಸೇರಿಸಿದರೂ ಕೆಲವು ಗಂಟೆಗಳಷ್ಟೇ ಆಗುತ್ತದೆ. ಉಳಿದ ವರ್ಷಗಳೆಲ್ಲ ಕಾಯುವುದರಲ್ಲಿ ಕಳೆದಿರುತ್ತವೆ. ಸಮನ್ಸ್ ಜಾರಿಯಾಗದೆ ವಾಪಸ್ ಬಂತು, ಕೆಳಗಿನ ಕೋರ್ಟಿನ ಕಡತ ಬರಲಿಲ್ಲ, ವರ್ಗವಾಗಿ ಹೋದ ತನಿಖಾಧಿಕಾರಿ ಸಾಕ್ಷಿಗೆ ಬರಲಿಲ್ಲ, ತೀರ್ಪಿನ ನಕಲು ಸಿಗಲಿಲ್ಲ. ಒಂದೊಂದಕ್ಕೂ ಒಂದೊಂದು ವಾಯಿದೆ.

ಕಾಗದ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ, ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗಲು ಹಿಡಿಯುವ ಈ ಕಾಲವನ್ನು ತಂತ್ರಜ್ಞಾನ ನಿಜಕ್ಕೂ ಇಳಿಸುತ್ತದೆ. ನ್ಯಾಯಾಧೀಶರ ಸಂಖ್ಯೆಯನ್ನು ಅದು ಹೆಚ್ಚಿಸಲಾರದು. 10 ಲಕ್ಷ ಜನರಿಗೆ 50 ನ್ಯಾಯಾಧೀಶರು ಬೇಕೆಂದು ಕಾನೂನು ಆಯೋಗ 1987ರಲ್ಲೇ ಶಿಫಾರಸು ಮಾಡಿತ್ತು. ನಾವು ಇನ್ನೂ 21ರ ಆಸುಪಾಸಿನಲ್ಲಿದ್ದೇವೆ. ದೇಶದ ಜಿಲ್ಲಾ ಮತ್ತು ತಾಲ್ಲೂಕು ಕೋರ್ಟುಗಳಲ್ಲಿ ಬಾಕಿ ಇರುವ ಕೇಸುಗಳು 4 ಕೋಟಿಯನ್ನು ದಾಟಿವೆ. ಆನ್‌ಲೈನ್ ಆಯಿತಲ್ಲ, ಇನ್ನು ಆರು ತಿಂಗಳಲ್ಲಿ ತೀರ್ಪು ಬರುತ್ತದೆ ಎಂದು ಯಾರಾದರೂ ಮಾತು ಕೊಟ್ಟರೆ ನಂಬಬೇಡಿ.

ಇ-ಕೋರ್ಟ್ಸ್ ಯೋಜನೆ ಅಂದರೆ ಏನು?

ಸುಪ್ರೀಂ ಕೋರ್ಟಿನ ಇ-ಸಮಿತಿ ಮತ್ತು ಕೇಂದ್ರ ಕಾನೂನು ಸಚಿವಾಲಯ ಸೇರಿ ನಡೆಸುವ ಯೋಜನೆ. 2007ರಲ್ಲಿ ಶುರುವಾದ ಮೊದಲ ಹಂತದಲ್ಲಿ ಕೋರ್ಟುಗಳಿಗೆ ಕಂಪ್ಯೂಟರ್ ಬಂದವು. 2015ರಿಂದ ನಡೆದ ಎರಡನೆಯ ಹಂತದಲ್ಲಿ ಕೇಸಿನ ಮಾಹಿತಿ ಜನರ ಮೊಬೈಲಿಗೆ ಬಂತು. 2023ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ 7,210 ಕೋಟಿ ರೂಪಾಯಿಯ ಮೂರನೆಯ ಹಂತಕ್ಕೆ ಒಪ್ಪಿಗೆ ಕೊಟ್ಟಿತು. ಇದರಲ್ಲಿ 2,000 ಕೋಟಿಗೂ ಹೆಚ್ಚು ಹಣ ಹಳೆಯ ಕಡತಗಳ ಸ್ಕ್ಯಾನಿಂಗಿಗೇ ಮೀಸಲು. ಇಷ್ಟು ದೊಡ್ಡ ಪಾಲು ಅದಕ್ಕೇಕೆ ಎಂಬುದು ಮುಂದೆ ಬರುತ್ತದೆ.

ಸಿಎನ್‌ಆರ್ ನಂಬರ್ ಎಲ್ಲಿ ಸಿಗುತ್ತದೆ? ಅದರಿಂದ ಏನು ಪ್ರಯೋಜನ?

ಪ್ರತಿ ಕೇಸಿಗೂ ಸಿಗುವ 16 ಅಕ್ಷರ-ಅಂಕಿಗಳ ಗುರುತು ಅದು. ಮೊದಲ ಎರಡು ಅಕ್ಷರ ರಾಜ್ಯದ್ದು, ನಮ್ಮಲ್ಲಿ ಕೆಎ. ಕೊನೆಯ ನಾಲ್ಕು ಅಂಕಿ ವರ್ಷ. ನಿಮ್ಮ ವಕೀಲರನ್ನು ಕೇಳಿ ಬರೆಸಿಕೊಳ್ಳಿ. ಗೊತ್ತಿಲ್ಲದಿದ್ದರೆ ಕಕ್ಷಿದಾರರ ಹೆಸರು ಅಥವಾ ಕೇಸ್ ನಂಬರ್ ಹಾಕಿಯೂ ಹುಡುಕಬಹುದು. ಇ-ಕೋರ್ಟ್ಸ್ ಸರ್ವೀಸಸ್ ಆ್ಯಪ್‌ನಲ್ಲಿ ಈ ನಂಬರ್ ಹಾಕಿದರೆ ಮುಂದಿನ ತಾರೀಖು, ಕೇಸು ಯಾವ ಹಂತದಲ್ಲಿದೆ, ಹಿಂದಿನ ತಾರೀಖಿನಲ್ಲಿ ಏನಾಯಿತು, ಯಾವ ಆದೇಶ ಆಯಿತು ಎಲ್ಲ ಕಾಣುತ್ತದೆ. ದುಡ್ಡೇನೂ ಕೊಡಬೇಕಿಲ್ಲ.

ಇದೊಂದು ಸಣ್ಣ ಸೌಲಭ್ಯ ಎಂದು ನಾನು ಎಣಿಸುವುದಿಲ್ಲ. ಮೊದಲೆಲ್ಲ ಮುಂದಿನ ತಾರೀಖು ತಿಳಿಯಲು ರೈತನೊಬ್ಬ ಒಂದು ದಿನದ ಕೂಲಿ ಬಿಟ್ಟು, ಬಸ್ ಚಾರ್ಜ್ ಕೊಟ್ಟು, ಕೋರ್ಟಿಗೇ ಬರಬೇಕಿತ್ತು. ಕೇಸು ಮುಂದೆ ಹೋದದ್ದು ಗೊತ್ತಾಗದೆ ಗೈರಾಗಿ, ದಾವೆಯೇ ವಜಾ ಆಗಿ, ಅದನ್ನು ಮತ್ತೆ ಊರ್ಜಿತಗೊಳಿಸಲು ಅರ್ಜಿ ಹಾಕಿ ಎರಡು ವರ್ಷ ಕಳೆದುಕೊಂಡವರನ್ನು ಕಂಡಿದ್ದೇನೆ. ತಾರೀಖು ಈಗ ಕಕ್ಷಿದಾರನ ಕೈಯಲ್ಲೇ ಇದೆ. ವಕೀಲರಾದ ನಮ್ಮ ಮೇಲೂ ಒಂದು ಕಣ್ಣಿಡಲು ಅವನಿಗೆ ಸಾಧ್ಯವಾಗಿದೆ, ಅದು ಒಳ್ಳೆಯದೇ.

ಪ್ರತಿವಾದಿಗೆ ಸಮನ್ಸ್ ಜಾರಿ ಆಗುವುದೇ ಇಲ್ಲ. ಇದಕ್ಕೆ ಪರಿಹಾರ ಇದೆಯೇ?

ಎಲ್ಲಕ್ಕಿಂತ ಹೆಚ್ಚು ಕಾಲ ಸೋರಿಹೋಗುವುದು ಇಲ್ಲೇ. ನಾನು ನಡೆಸಿದ ಪಾಲು ವಿಭಾಗದ ದಾವೆಯೊಂದರಲ್ಲಿ ಹನ್ನೊಂದು ಜನ ಪ್ರತಿವಾದಿಗಳು. ಒಬ್ಬರು ಮುಂಬೈಯಲ್ಲಿ, ಇಬ್ಬರು ಬೆಂಗಳೂರಿನಲ್ಲಿ ಮನೆ ಬದಲಿಸುತ್ತಾ, ಉಳಿದವರು ಮೂರು ಜಿಲ್ಲೆಗಳಲ್ಲಿ. 'ಬಾಗಿಲು ಹಾಕಿದೆ', 'ಈ ವಿಳಾಸದಲ್ಲಿ ಇಲ್ಲ' ಎಂಬ ಷರಾ ಹೊತ್ತು ಸಮನ್ಸ್ ಮತ್ತೆ ಮತ್ತೆ ಹಿಂದಿರುಗಿತು. ಕೊನೆಯವರಿಗೆ ಜಾರಿಯಾಗುವ ಹೊತ್ತಿಗೆ ಮೊದಲನೆಯವರು ತೀರಿಕೊಂಡಿದ್ದರು. ಅವರ ವಾರಸುದಾರರನ್ನು ದಾಖಲೆಗೆ ತರಲು ಅರ್ಜಿ, ಅವರಿಗೆ ಪುನಃ ಸಮನ್ಸ್. ಜಮೀನಿನ ವಿಷಯ ಒಂದಕ್ಷರವೂ ಚರ್ಚೆಯಾಗದೆ ಐದು ವರ್ಷ ಮುಗಿದಿತ್ತು.

ಈಗ ಎನ್‌ಸ್ಟೆಪ್ ಎಂಬ ವ್ಯವಸ್ಥೆ ಇದೆ. ಬೇರೆ ಜಿಲ್ಲೆಗೋ ಬೇರೆ ರಾಜ್ಯಕ್ಕೋ ಹೋಗಬೇಕಾದ ಸಮನ್ಸ್ ಅಂಚೆಯ ಹಾದಿ ಬಿಟ್ಟು ಕಂಪ್ಯೂಟರ್ ಮೂಲಕ ಆ ಕೋರ್ಟಿಗೆ ತಲುಪುತ್ತದೆ. ಅಲ್ಲಿನ ಅಮೀನರು, ಅಂದರೆ ಸಮನ್ಸ್ ತಲುಪಿಸುವ ಕೋರ್ಟ್ ನೌಕರರು, ಮೊಬೈಲ್ ಹಿಡಿದು ಆ ಮನೆಗೆ ಹೋದಾಗ ಸ್ಥಳ, ಸಮಯ ಜಿಪಿಎಸ್ ಸಹಿತ ದಾಖಲಾಗುತ್ತದೆ. ಹೋಗದೆಯೇ ಹೋದೆ ಎಂದು ಬರೆಯುವುದು ಇಲ್ಲಿ ಕಷ್ಟ. ಇಮೇಲ್ ಮೂಲಕ ಸಮನ್ಸ್ ಕಳಿಸಲು ಸಿವಿಲ್ ಪ್ರಕ್ರಿಯಾ ಸಂಹಿತೆಗೆ 2002ರಲ್ಲೇ ತಿದ್ದುಪಡಿ ಆಗಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಕ್ರಿಮಿನಲ್ ಕೇಸಿನ ಸಮನ್ಸ್‌ಗೆ ಎಲೆಕ್ಟ್ರಾನಿಕ್ ದಾರಿ ತೆರೆದಿದೆ.

ನೀವು ಮಾಡಬೇಕಾದದ್ದು ಇಷ್ಟು: ವಾದಪತ್ರ ಸಿದ್ಧವಾಗುವಾಗಲೇ ಎದುರಾಳಿಯ ಈಗಿನ ವಿಳಾಸ, ಮೊಬೈಲ್ ನಂಬರ್, ಇಮೇಲ್ ಹುಡುಕಿ ಕೊಡಿ. ಇಪ್ಪತ್ತು ವರ್ಷ ಹಿಂದಿನ ವಿಳಾಸ ಕೊಟ್ಟು ಕೋರ್ಟನ್ನು ದೂರಿದರೆ ಯಾವ ಸಾಫ್ಟ್‌ವೇರೂ ಕೈಹಿಡಿಯುವುದಿಲ್ಲ.

ವಾಟ್ಸ್ಆ್ಯಪ್‌ನಲ್ಲಿ ಪೊಲೀಸ್ ನೋಟಿಸ್ ಬಂದಿದೆ. ಅದಕ್ಕೆ ಬೆಲೆ ಇದೆಯೇ?

ತನಿಖೆಗೆ ಹಾಜರಾಗಿ ಎಂದು ಪೊಲೀಸರು ಕೊಡುವ ನೋಟಿಸನ್ನು ವಾಟ್ಸ್ಆ್ಯಪ್ ಮೂಲಕ ಜಾರಿ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ಕೋರ್ಟಿನ ಸಮನ್ಸ್ ಬೇರೆ, ಪೊಲೀಸರ ನೋಟಿಸ್ ಬೇರೆ. ಹಾಗೆಂದು ಕಡೆಗಣಿಸಿ ಸುಮ್ಮನಿರಬೇಡಿ, ವಕೀಲರಿಗೆ ತೋರಿಸಿ.

ವಿಡಿಯೋ ಕಾಲ್‌ನಲ್ಲಿ ಜಡ್ಜ್ ಬಂದು ನಿಮ್ಮ ಮೇಲೆ ಕೇಸಿದೆ, ಹಣ ಕಟ್ಟಿ ಅಂದರು. ಏನು ಮಾಡಲಿ?

ಫೋನ್ ಇಡಿ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. 'ಡಿಜಿಟಲ್ ಅರೆಸ್ಟ್' ಎಂಬುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ಯಾವ ಕೋರ್ಟೂ ನಿಮ್ಮ ವಾಟ್ಸ್ಆ್ಯಪ್‌ಗೆ ತಾನಾಗಿ ಕರೆ ಮಾಡಿ ಹಣ ಕೇಳುವುದಿಲ್ಲ. 2024ರಲ್ಲಿ ಪಂಜಾಬಿನ ಹಿರಿಯ ಉದ್ಯಮಿಯೊಬ್ಬರಿಗೆ ಸುಪ್ರೀಂ ಕೋರ್ಟಿನ ಸುಳ್ಳು ವಿಚಾರಣೆಯನ್ನೇ ಪರದೆಯ ಮೇಲೆ ತೋರಿಸಿ 7 ಕೋಟಿ ರೂಪಾಯಿ ದೋಚಿದರು. ಕೋರ್ಟು ಪರದೆಯ ಮೇಲೂ ನಡೆಯುತ್ತದೆ ಎಂಬ ಹೊಸ ನಂಬಿಕೆಯನ್ನೇ ಈ ವಂಚಕರು ಬಂಡವಾಳ ಮಾಡಿಕೊಂಡಿದ್ದಾರೆ. ಮನೆಯಲ್ಲಿ ವಯಸ್ಸಾದವರಿದ್ದರೆ ಇವತ್ತೇ ಕೂತು ತಿಳಿಹೇಳಿ.

ನನ್ನ ಮಗ ದುಬೈಯಲ್ಲಿದ್ದಾನೆ. ಅಲ್ಲಿಂದಲೇ ಸಾಕ್ಷಿ ಹೇಳಬಹುದೇ?

ಹೇಳಬಹುದು. ವಿಡಿಯೋ ಮೂಲಕ ನುಡಿದ ಸಾಕ್ಷ್ಯವೂ ಕೋರ್ಟಿನ ಸಮ್ಮುಖದಲ್ಲಿ ನುಡಿದ ಸಾಕ್ಷ್ಯವೇ ಎಂದು ಸುಪ್ರೀಂ ಕೋರ್ಟ್ ಪ್ರಫುಲ್ ದೇಸಾಯಿ ಪ್ರಕರಣದಲ್ಲಿ 2003ರಲ್ಲೇ ಎತ್ತಿಹಿಡಿದಿತ್ತು. ಆದರೂ ಅದು ಅಪರೂಪಕ್ಕೊಮ್ಮೆ ಬಳಸುವ ದಾರಿಯಾಗಿಯೇ ಉಳಿದಿತ್ತು. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಕೋರ್ಟುಗಳ ಬಾಗಿಲು ಮುಚ್ಚಿದಾಗ ಬೇರೆ ದಾರಿ ಉಳಿಯಲಿಲ್ಲ. ಕರ್ನಾಟಕ ಹೈಕೋರ್ಟ್ ಅದೇ ವರ್ಷ ವಿಡಿಯೋ ಕಾನ್ಫರೆನ್ಸ್ ನಿಯಮಗಳನ್ನು ಹೊರಡಿಸಿತು.

ಮಗ ತನ್ನ ಕೋಣೆಯಲ್ಲಿ ಕೂತು ಮೊಬೈಲ್ ಆನ್ ಮಾಡಿದರೆ ಆಗುವುದಿಲ್ಲ. ಮೊದಲು ಕೋರ್ಟಿಗೆ ಅರ್ಜಿ ಹಾಕಿ ಅನುಮತಿ ಪಡೆಯಬೇಕು. ಸಾಕ್ಷಿ ಇರುವ ಕಡೆ ಒಬ್ಬ ಸಂಯೋಜಕ ಇರಬೇಕು. ಹೊರದೇಶವಾದರೆ ಭಾರತದ ರಾಯಭಾರ ಕಚೇರಿ ಅಥವಾ ಕಾನ್ಸುಲೇಟಿನ ಅಧಿಕಾರಿ. ಸಾಕ್ಷಿಗೆ ಪಕ್ಕದಲ್ಲಿ ಯಾರೂ ಹೇಳಿಕೊಡುತ್ತಿಲ್ಲ, ಕೈಯಲ್ಲಿ ಚೀಟಿಯಿಲ್ಲ ಎಂದು ನೋಡಿಕೊಳ್ಳುವುದು ಅವರ ಕೆಲಸ. ತೋರಿಸಬೇಕಾದ ದಾಖಲೆಗಳನ್ನು ಮುಂಚೆಯೇ ಅಲ್ಲಿಗೆ ಕಳಿಸಿರಬೇಕು.

ವಿಡಿಯೋದಿಂದ ನಿಜವಾದ ಲಾಭ ಆಗಿರುವುದು ಸರ್ಕಾರಿ ಸಾಕ್ಷಿಗಳ ವಿಷಯದಲ್ಲಿ. ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯರು ಬೀದರಿಗೆ ವರ್ಗವಾಗಿದ್ದಾರೆ, ಕೇಸು ಚಾಮರಾಜನಗರದಲ್ಲಿದೆ ಎಂದುಕೊಳ್ಳಿ. ಹತ್ತು ನಿಮಿಷದ ಸಾಕ್ಷ್ಯಕ್ಕೆ ಅವರು ಆಸ್ಪತ್ರೆ ಬಿಟ್ಟು ಎರಡು ದಿನ ಓಡಾಡಬೇಕಿತ್ತು, ಬರದಿದ್ದರೆ ವಾರಂಟ್. ಅಂಥವರಿಗೆ ವಿಡಿಯೋ ಬೇಡ ಎನ್ನಲು ಕಾರಣವೇ ಇಲ್ಲ. ಆದರೆ ಇಡೀ ಕೇಸು ಒಬ್ಬರ ಮಾತಿನ ಮೇಲೆ ನಿಂತಿದೆ, ಅವರು ಸುಳ್ಳು ಹೇಳುತ್ತಿದ್ದಾರೆ ಎಂಬ ಅನುಮಾನ ನಿಮಗಿದೆ ಅನ್ನಿ. ಆಗ ಪಾಟೀ ಸವಾಲು ಕೋರ್ಟ್ ಹಾಲ್‌ನಲ್ಲೇ ಆಗಲಿ ಎಂದು ನಾನು ಪಟ್ಟು ಹಿಡಿಯುತ್ತೇನೆ. ಪ್ರಶ್ನೆ ಬಿದ್ದಾಗ ಸಾಕ್ಷಿ ಯಾರ ಮುಖ ನೋಡಿದ ಎಂಬುದು ಪರದೆಯಲ್ಲಿ ಕಾಣುವುದಿಲ್ಲ. ಅವಸರಕ್ಕೆ ಅದನ್ನು ಬಲಿ ಕೊಡಬಾರದು.

ಹೈಕೋರ್ಟ್ ಕಲಾಪವನ್ನು ಮನೆಯಿಂದ ನೋಡಬಹುದಂತೆ. ರೆಕಾರ್ಡ್ ಮಾಡಿ ಹಾಕಬಹುದೇ?

ನೋಡಬಹುದು, ಹಾಕುವಂತಿಲ್ಲ. ಕರ್ನಾಟಕದ ನೇರ ಪ್ರಸಾರ ನಿಯಮಗಳು 2022ರ ಜನವರಿ 1ರಿಂದ ಜಾರಿಯಲ್ಲಿವೆ. ಅನುಮತಿ ಇಲ್ಲದೆ ರೆಕಾರ್ಡ್ ಮಾಡುವುದು, ತುಣುಕು ಮಾಡಿ ಹಂಚುವುದು ನಿಷಿದ್ಧ. 2023ರ ಡಿಸೆಂಬರ್‌ನಲ್ಲಿ ಕಿಡಿಗೇಡಿಗಳು ವಿಡಿಯೋ ಕಲಾಪದೊಳಗೆ ನುಗ್ಗಿ ಅಶ್ಲೀಲ ದೃಶ್ಯ ಹಾಕಿದ್ದರಿಂದ ನಮ್ಮ ಹೈಕೋರ್ಟ್ ಆ ಸೌಲಭ್ಯವನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ಧಾರವಾಡ, ಕಲಬುರಗಿ ಪೀಠಗಳಲ್ಲಿ ಕೇಸು ಇಟ್ಟುಕೊಂಡು ದೂರದ ಊರಿನಿಂದ ಹಾಜರಾಗುತ್ತಿದ್ದ ವಕೀಲರಿಗೆ, ಕಕ್ಷಿದಾರರಿಗೆ ಆಗ ಆದ ತೊಂದರೆ ಅಷ್ಟಿಷ್ಟಲ್ಲ.

ಜಾಮೀನು ಸಿಕ್ಕಿದೆ, ಆದರೆ ಜೈಲಿನಿಂದ ಬಿಡುತ್ತಿಲ್ಲ. ಆದೇಶ ತಲುಪಿಲ್ಲವಂತೆ!

ಈ ಪ್ರಶ್ನೆ ಕೇಳುವಾಗ ಮನೆಯವರ ಮುಖ ನೋಡಲಾಗುವುದಿಲ್ಲ. 2021ರಲ್ಲಿ ಆಗ್ರಾ ಜೈಲಿನಲ್ಲಿದ್ದ 13 ಜನರಿಗೆ ಸುಪ್ರೀಂ ಕೋರ್ಟ್ ಜಾಮೀನು ಕೊಟ್ಟರೂ ಆದೇಶದ ಪ್ರತಿ ಕೈಸೇರಿಲ್ಲ ಎಂದು ಬಿಡುಗಡೆ ತಡವಾಯಿತು. ಅದನ್ನು ಕೋರ್ಟ್ ತಾನಾಗಿಯೇ ಗಮನಕ್ಕೆ ತೆಗೆದುಕೊಂಡಿತು. 2022ರ ಮಾರ್ಚ್ 31ರಂದು 'ಫಾಸ್ಟರ್' ಎಂಬ ವ್ಯವಸ್ಥೆ ಬಂತು: ಡಿಜಿಟಲ್ ಸಹಿ ಇರುವ ಆದೇಶ ಸುಭದ್ರ ಜಾಲದಲ್ಲಿ ನೇರ ಜೈಲಿಗೆ ಹೋಗುತ್ತದೆ. ಜಾಮೀನು ಆದೇಶದ ಪ್ರತಿಯನ್ನು ಅದೇ ದಿನ ಅಥವಾ ಮರುದಿನ ಇಮೇಲ್ ಮೂಲಕ ಜೈಲು ಅಧೀಕ್ಷಕರ ಮುಖಾಂತರ ಬಂದಿಗೆ ತಲುಪಿಸಬೇಕು, 7 ದಿನದೊಳಗೆ ಬಿಡುಗಡೆ ಆಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು ಎಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶನ ಕೊಟ್ಟಿತು.

ಇಷ್ಟಿದ್ದೂ ಒಂದು ಸಂಗತಿ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಗುಜರಾತಿನಲ್ಲಿ ಒಬ್ಬ ಬಂದಿಗೆ 2020ರಲ್ಲಿ ಜಾಮೀನು ಸಿಕ್ಕಿತ್ತು. ಆದೇಶ ಇಮೇಲ್‌ನಲ್ಲಿ ಜೈಲಿಗೆ ಹೋಗಿಯೂ ಇತ್ತು. ಅದರ ಜೊತೆಗಿದ್ದ ಫೈಲು ತೆರೆಯಲಿಲ್ಲ, ಮತ್ತೆ ಯಾರೂ ವಿಚಾರಿಸಲಿಲ್ಲ. ಆತ ಸುಮಾರು ಮೂರು ವರ್ಷ ಒಳಗೇ ಉಳಿದ. 2023ರಲ್ಲಿ ಗುಜರಾತ್ ಹೈಕೋರ್ಟ್ 1 ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶಿಸಿತು. ಆದ್ದರಿಂದ ಆದೇಶ ಕಳಿಸಿದೆ ಎಂಬ ಉತ್ತರಕ್ಕೆ ತೃಪ್ತರಾಗಬೇಡಿ. ಜೈಲಿಗೆ ಹೋಗಿ, ಅಥವಾ ಫೋನ್ ಮಾಡಿ, ಓದಿದ್ದೀರಾ ಎಂದು ಕೇಳಿ. ಶ್ಯೂರಿಟಿಯ ಪಹಣಿ, ಆಧಾರ್ ಪ್ರತಿ ಇತ್ಯಾದಿ ಸಿದ್ಧವಿಲ್ಲದೆ ತಡವಾಗುವುದೂ ಉಂಟು, ಅದು ನಮ್ಮ ಕಡೆಯ ಕೆಲಸ.

ಹೊಸ ಕ್ರಿಮಿನಲ್ ಕಾನೂನಿನಿಂದ ವೇಗ ಹೆಚ್ಚಿದೆಯೇ?

ಬರಹದಲ್ಲಿ ಹೆಚ್ಚಿದೆ. ದೂರನ್ನು ಎಲೆಕ್ಟ್ರಾನಿಕ್ ಮೂಲಕ ಕಳಿಸಿ ಮೂರು ದಿನದೊಳಗೆ ಠಾಣೆಗೆ ಹೋಗಿ ಸಹಿ ಹಾಕಬಹುದು. ಶೋಧ ಮತ್ತು ಜಪ್ತಿಯನ್ನು ಪೊಲೀಸರು ವಿಡಿಯೋ ಮಾಡಲೇಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 530ನೇ ಕಲಮಿನ ಪ್ರಕಾರ ವಿಚಾರಣೆಯನ್ನು ಎಲೆಕ್ಟ್ರಾನಿಕ್ ರೂಪದಲ್ಲಿ ನಡೆಸಬಹುದು. ಸೆಷನ್ಸ್ ಕೇಸುಗಳಲ್ಲಿ ವಾದ ಮುಗಿದ 30 ದಿನದೊಳಗೆ, ಕಾರಣ ಬರೆದರೆ 45 ದಿನದೊಳಗೆ ತೀರ್ಪು. ತೀರ್ಪಿನ ಪ್ರತಿ ಸಾಧ್ಯವಾದ ಮಟ್ಟಿಗೆ 7 ದಿನದಲ್ಲಿ ಪೋರ್ಟಲ್‌ಗೆ.

ಜಪ್ತಿಯ ವಿಡಿಯೋ ನನಗೆ ಬಹಳ ಮುಖ್ಯವೆನಿಸುತ್ತದೆ. ಪಂಚರು, ಅಂದರೆ ಜಪ್ತಿಗೆ ಸಾಕ್ಷಿಯಾಗಿ ಸಹಿ ಹಾಕಿದವರು, ಕೋರ್ಟಿಗೆ ಬಂದು 'ಠಾಣೆಯಲ್ಲಿ ಸಹಿ ಹಾಕಿಸಿಕೊಂಡರು, ನನಗೇನೂ ಗೊತ್ತಿಲ್ಲ' ಎಂದು ತಿರುಗಿ ಬೀಳುವುದು ನಮಗೆಲ್ಲ ಮಾಮೂಲು. ಜಪ್ತಿ ನಿಜವಾಗಿ ನಡೆಯಿತೇ ಎಂಬ ಒಂದೇ ಪ್ರಶ್ನೆಯಲ್ಲಿ ವರ್ಷಗಳು ಹೋಗುತ್ತವೆ. ವಿಡಿಯೋ ಸರಿಯಾಗಿ ಇದ್ದರೆ ಆ ವಾದ ಬೇಗ ಇತ್ಯರ್ಥವಾಗುತ್ತದೆ, ಅದು ಆರೋಪಿಯ ಪರವಾಗಿಯೇ ಆಗಬಹುದು.

ನನ್ನ ಮೊಬೈಲಿನಲ್ಲಿರುವ ಆಡಿಯೋ, ಚಾಟ್ ಸಾಕ್ಷಿಯಾಗುತ್ತದೆಯೇ?

ಆಗುತ್ತದೆ, ಆದರೆ ಪ್ರಮಾಣಪತ್ರ ಬೇಕು. ಮೊದಲು ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಎನ್ನುತ್ತಿದ್ದದ್ದು ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು. ಪ್ರಮಾಣಪತ್ರಕ್ಕೆ ಎರಡು ಭಾಗ: ಒಂದು ನಿಮ್ಮದು, ಇನ್ನೊಂದು ತಜ್ಞರದ್ದು. ಜೊತೆಗೆ ಫೈಲಿನ ಹ್ಯಾಶ್ ಮೌಲ್ಯ, ಅಂದರೆ ಅದರ ಬೆರಳಚ್ಚು ಇದ್ದಂತೆ. ಆ ಮೊಬೈಲನ್ನು ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ. ಸ್ಕ್ರೀನ್‌ಶಾಟ್ ಪ್ರಿಂಟ್ ಒಂದನ್ನೇ ಹಿಡಿದು ಬಂದರೆ ಸಾಲದು.

ಚೆಕ್ ಬೌನ್ಸ್ ಕೇಸಿಗೆ ಆನ್‌ಲೈನ್ ಕೋರ್ಟ್ ಇದೆಯೇ?

ಕೇರಳದ ಕೊಲ್ಲಂನಲ್ಲಿ 2024ರ ನವೆಂಬರ್‌ನಿಂದ ಚೆಕ್ ಬೌನ್ಸ್ ಕೇಸುಗಳಿಗೆಂದೇ ದಿನದ 24 ಗಂಟೆಯೂ ದಾಖಲು ಮಾಡಬಹುದಾದ ಡಿಜಿಟಲ್ ಕೋರ್ಟ್ ನಡೆಯುತ್ತಿದೆ. ಚೆಕ್ಕು, ಬ್ಯಾಂಕಿನ ಷರಾ, ನೋಟಿಸ್, ಅದು ತಲುಪಿದ ದಾಖಲೆ ಇವಿಷ್ಟೇ ಮುಖ್ಯವಾದ ಈ ಕೇಸುಗಳಿಗೆ ಡಿಜಿಟಲ್ ವಿಧಾನ ಹೇಳಿ ಮಾಡಿಸಿದ ಹಾಗಿದೆ. ಇಂಥದೊಂದು ನಮ್ಮ ಪ್ರತಿ ಜಿಲ್ಲೆಯಲ್ಲೂ ಬರಲಿ ಎಂಬುದು ನನ್ನ ಆಸೆ. ಸಂಚಾರ ದಂಡದ ವಿಷಯಕ್ಕೆ ವರ್ಚುವಲ್ ಕೋರ್ಟ್ ಈಗಾಗಲೇ ಇದೆ: ದಂಡ ಆನ್‌ಲೈನ್ ಕಟ್ಟಿದರೆ ಕೇಸು ಅಲ್ಲಿಗೇ ಮುಗಿಯುತ್ತದೆ, ತಕರಾರಿದ್ದರೆ ಮಾಮೂಲಿ ಕೋರ್ಟಿಗೆ ಹೋಗುತ್ತದೆ. ರಾಜಿಗೆ ಒಪ್ಪುವವರಿಗೆ ಲೋಕ ಅದಾಲತ್ ಇದೆ. 2020ರ ಸೆಪ್ಟೆಂಬರ್ 19ರಂದು ಕರ್ನಾಟಕದಲ್ಲಿ ನಡೆದ ಇ-ಲೋಕ ಅದಾಲತ್‌ನಲ್ಲಿ ಒಂದೇ ದಿನ ಲಕ್ಷಕ್ಕೂ ಹೆಚ್ಚು ಕೇಸುಗಳು ಮುಗಿದವು.

ನನಗೆ ಸ್ಮಾರ್ಟ್‌ಫೋನ್ ಬಳಸಲು ಬರುವುದಿಲ್ಲ. ನನ್ನ ಗತಿ?

ಕೋರ್ಟ್ ಆವರಣದಲ್ಲಿ ಇ-ಸೇವಾ ಕೇಂದ್ರ ಎಲ್ಲಿದೆ ಎಂದು ಕೇಳಿ. ಕೇಸಿನ ಸ್ಥಿತಿ ತಿಳಿಸುವುದು, ಕಾಗದ ಸ್ಕ್ಯಾನ್ ಮಾಡಿ ಇ-ಫೈಲಿಂಗ್ ಮಾಡುವುದು, ಕೋರ್ಟ್ ಶುಲ್ಕ ಕಟ್ಟುವುದು, ನಕಲಿಗೆ ಅರ್ಜಿ ಹಾಕುವುದು, ಜೈಲಿನಲ್ಲಿರುವ ನಿಮ್ಮವರನ್ನು ನೋಡಲು ಸಮಯ ಗೊತ್ತುಮಾಡುವುದು, ಇವೆಲ್ಲ ಅವರ ಕೆಲಸದ ಪಟ್ಟಿಯಲ್ಲಿವೆ. ಕಂಪ್ಯೂಟರ್ ಬಂದಿದ್ದರಿಂದ ಓದುಬರಹ ಬಾರದವರು ಹಿಂದೆ ಬೀಳುವುದಾದರೆ ಆ ವೇಗಕ್ಕೆ ಅರ್ಥವಿಲ್ಲ. ಹಾಗಾಗಿ ಈ ಕೇಂದ್ರಗಳು ಚೆನ್ನಾಗಿ ನಡೆಯುತ್ತಿವೆಯೇ ಎಂದು ನಮ್ಮ ವಕೀಲರ ಸಂಘಗಳು ಬೆನ್ನು ಹತ್ತಿ ನೋಡಬೇಕು.

ತೀರ್ಪನ್ನು ಕನ್ನಡದಲ್ಲಿ ಓದಬಹುದೇ?

ಜಿಲ್ಲಾ, ತಾಲ್ಲೂಕು ಕೋರ್ಟುಗಳ ಭಾಷೆ ಕನ್ನಡ, ಅಲ್ಲಿ ಅನೇಕ ತೀರ್ಪುಗಳು ಕನ್ನಡದಲ್ಲೇ ಬರುತ್ತವೆ. ಹೈಕೋರ್ಟಿನಲ್ಲಿ ಇಂಗ್ಲಿಷ್. ಸುಪ್ರೀಂ ಕೋರ್ಟ್ 2019ರ ನವೆಂಬರ್‌ನಲ್ಲಿ ತಂದ 'ಸುವಾಸ್' ಎಂಬ ಅನುವಾದ ತಂತ್ರಾಂಶ ಕನ್ನಡಕ್ಕೂ ಅನುವಾದ ಮಾಡುತ್ತದೆ, ಅನುವಾದಕರು ಅದನ್ನು ತಿದ್ದುತ್ತಾರೆ. ಅನುವಾದ ತಿಳಿವಳಿಕೆಗೆ ಮಾತ್ರ; ಮೇಲ್ಮನವಿಗೆ ಇಂಗ್ಲಿಷ್ ಮೂಲವೇ ಆಧಾರ.

ಮುಂದೆ ಎಐ ತೀರ್ಪು ಬರೆಯುತ್ತದೆಯೇ?

ಬರೆಯಬಾರದು. ಟೈಪಿಂಗ್, ಅನುವಾದ, ಹುಡುಕಾಟ ಇವಕ್ಕೆ ಬಳಕೆಯಾಗಲಿ. ಸಾಕ್ಷಿಯ ಮಾತನ್ನು ಕೇಳಿಸಿಕೊಂಡು ಅಕ್ಷರಕ್ಕಿಳಿಸುವ ಉಪಕರಣವನ್ನು ಕೇರಳ ಹೈಕೋರ್ಟ್ ತನ್ನ ಜಿಲ್ಲಾ ಕೋರ್ಟುಗಳಲ್ಲಿ 2025ರ ನವೆಂಬರ್ 1ರಿಂದ ಕಡ್ಡಾಯ ಮಾಡಿದೆ. ಇದರಿಂದ ಉಳಿಯುವ ಸಮಯ ದೊಡ್ಡದು. ಅದೇ ಹೈಕೋರ್ಟ್ 2025ರ ಜುಲೈನಲ್ಲಿ, ತೀರ್ಮಾನಕ್ಕೆ ಬರಲು ಎಐ ಬಳಸಕೂಡದು ಎಂಬ ನೀತಿಯನ್ನೂ ತಂದಿತ್ತು. ನಮ್ಮಲ್ಲೂ 2025ರ ಮಾರ್ಚ್‌ನಲ್ಲಿ, ಬೆಂಗಳೂರಿನ ಕೆಳ ಕೋರ್ಟಿನ ಆದೇಶವೊಂದರಲ್ಲಿ ಅಸ್ತಿತ್ವದಲ್ಲೇ ಇಲ್ಲದ ಸುಪ್ರೀಂ ಕೋರ್ಟ್ ತೀರ್ಪುಗಳನ್ನು ಉಲ್ಲೇಖಿಸಿದ್ದನ್ನು ಕರ್ನಾಟಕ ಹೈಕೋರ್ಟ್ ಗಂಭೀರವಾಗಿ ತೆಗೆದುಕೊಂಡಿತು. ಒಬ್ಬ ಮನುಷ್ಯನ ಮನೆ, ಜಮೀನು, ಬಿಡುಗಡೆ ನಿರ್ಧಾರವಾಗುವ ಕಡೆ ಇಂಥ ಒಂದು ತಪ್ಪೂ ಹೆಚ್ಚೇ.

1970ರ ದಶಕದ ನಮ್ಮ ತಾತನ ಡಿಕ್ರಿ ಬೇಕು. ಕಂಪ್ಯೂಟರ್‌ನಲ್ಲಿ ಸಿಗುತ್ತದೆಯೇ?

ಬಹುಶಃ ಸಿಗದು, ಇನ್ನೂ. ಸ್ಕ್ಯಾನಿಂಗಿಗೆ ಅಷ್ಟು ಹಣ ಯಾಕೆ ಎಂಬುದಕ್ಕೆ ಉತ್ತರ ಇಲ್ಲಿದೆ. ರೆಕಾರ್ಡ್ ರೂಮಿನಲ್ಲಿ ಕೆಂಪು ಬಟ್ಟೆಯ ಗಂಟುಗಳಲ್ಲಿ ಕಟ್ಟಿಟ್ಟ ಕಾಗದ ಗೆದ್ದಲು ಹಿಡಿಯುತ್ತದೆ, ಮುಟ್ಟಿದರೆ ಪುಡಿಯಾಗುತ್ತದೆ. ಮೇಲ್ಮನವಿ ಹೈಕೋರ್ಟಿಗೆ ಹೋದಾಗ ಮೂಲ ಕಡತ ತರಿಸಿಕೊಳ್ಳುವುದೇ ತಿಂಗಳುಗಟ್ಟಲೆಯ ಕೆಲಸ. ಒಂದು ಪುಟ ಕಳೆದರೆ ಕೇಸೇ ನಿಲ್ಲುತ್ತದೆ. ಒಮ್ಮೆ ಸ್ಕ್ಯಾನ್ ಆದರೆ ಎರಡೂ ಕೋರ್ಟಿನವರು ಒಂದೇ ಹೊತ್ತಿಗೆ ಓದಬಹುದು.

ಅಲ್ಲಿಯತನಕ ಹಳೆಯ ದಾರಿಯೇ: ದಾವೆಯ ನಂಬರ್, ವರ್ಷ, ಕಕ್ಷಿದಾರರ ಹೆಸರು ಕೊಟ್ಟು ನಕಲು ಅರ್ಜಿ ಹಾಕಿ. ನಂಬರ್ ಗೊತ್ತಿಲ್ಲದಿದ್ದರೆ ಜಮೀನಿನ ಮ್ಯುಟೇಶನ್ (ಖಾತೆ ಬದಲಾವಣೆ) ದಾಖಲೆಯಲ್ಲಿ ಕೋರ್ಟ್ ಆದೇಶದ ಉಲ್ಲೇಖ ಇದೆಯೇ ನೋಡಿ. ಎಷ್ಟೋ ಸಲ ನನಗೆ ಸುಳಿವು ಸಿಕ್ಕಿದ್ದು ಅಲ್ಲೇ.

ಆ್ಯಪ್‌ನಿಂದ ಇಳಿಸಿಕೊಂಡ ತೀರ್ಪು ಬ್ಯಾಂಕಿಗೆ, ತಹಶೀಲ್ದಾರರಿಗೆ ಕೊಡಬಹುದೇ?

ಅದು ಓದಲಿಕ್ಕೆ. ಕಚೇರಿಗಳಿಗೆ ದೃಢೀಕೃತ ನಕಲು ಬೇಕು. ಆದರೆ ಮೇಲ್ಮನವಿ ಹಾಕಬೇಕೋ ಬೇಡವೋ ಎಂದು ಯೋಚಿಸಲು ನಕಲು ಬರುವತನಕ ಕಾಯಬೇಕಿಲ್ಲ, ಅಂದೇ ಓದಿ ಶುರುಮಾಡಿ.

ಆ್ಯಪ್‌ನಲ್ಲಿ ನನ್ನ ಹೆಸರು ತಪ್ಪಾಗಿದೆ, ಮೊಬೈಲ್ ನಂಬರೂ ಹಳೆಯದು. ಸರಿಪಡಿಸುವುದು ಹೇಗೆ?

ವಕೀಲರ ಮೂಲಕ ಕೋರ್ಟಿಗೆ ಒಂದು ಮೆಮೊ, ಅಂದರೆ ಚಿಕ್ಕ ಬರಹದ ಮನವಿ, ಹಾಕಿ. ನೋಂದಣಿ ವಿಭಾಗದಲ್ಲಿ ತಿದ್ದುತ್ತಾರೆ. ತಪ್ಪು ವಾದಪತ್ರದಲ್ಲೇ ಇದ್ದರೆ ಮೆಮೊ ಸಾಲದು, ತಿದ್ದುಪಡಿ ಅರ್ಜಿ ಬೇಕಾಗುತ್ತದೆ. ನಂಬರ್ ಬದಲಾದ ವಾರದಲ್ಲೇ ಇದನ್ನು ಮಾಡಿ, ಇಲ್ಲದಿದ್ದರೆ ನಿಮಗೆ ಬರಬೇಕಾದ ಎಸ್ಸೆಮ್ಮೆಸ್ ಇನ್ಯಾರಿಗೋ ಹೋಗುತ್ತಿರುತ್ತದೆ. ಮುಂದಿನ ತಾರೀಖಿಗೆ ಬಂದಾಗ ಹೊಸ ನಂಬರ್ ಬರೆದ ಚೀಟಿಯೊಂದು ಜೇಬಿನಲ್ಲಿರಲಿ.